ಕನ್ನಡದ ದಾರಿಯಲ್ಲಿ ಲ್ಯಾಟಿನ್: ಹೊಸಬರು ಎಲ್ಲಿಂದ, ಹೇಗೆ ಶುರು ಮಾಡಬೇಕು

ಡಾಕ್ಟರ್ ಬರೆದುಕೊಟ್ಟ ಹಳೆಯ ಚೀಟಿ ಒಂದಾದರೂ ಮನೆಯಲ್ಲಿ ಇರುತ್ತದೆ, ಅಲ್ವಾ? ಅದನ್ನು ತೆಗೆದು ನೋಡಿ. ಮಾತ್ರೆಯ ಹೆಸರಿನ ಮುಂದೆ ಬಿ.ಡಿ. ಅಂತ ಇದ್ದರೆ ಅದು ಲ್ಯಾಟಿನ್‌ನ ‘ಬಿಸ್ ದಿಏ’, ದಿನಕ್ಕೆ ಎರಡು ಸಲ. ಪಿ.ಸಿ. ಅಂದರೆ ‘ಪೊಸ್ತ್ ಕಿಬುಮ್’, ಊಟದ ನಂತರ. ಎಚ್.ಎಸ್. ಅಂದರೆ ‘ಹೋರಾ ಸೊಮ್ನೀ’, ನಿದ್ದೆಯ ಹೊತ್ತಿನಲ್ಲಿ. ಈ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ಹೋರ’ ಅಂದರೆ ಹೊತ್ತು. ಕೊನೆಯ ಅಕ್ಷರವನ್ನು ಎಳೆದು ‘ಹೋರಾ’ ಅಂದ ಕೂಡಲೇ ಅದು ‘ಹೊತ್ತಿನಲ್ಲಿ’ ಆಗುತ್ತದೆ. ‘ಸೊಮ್ನುಸ್’ ಅಂದರೆ ನಿದ್ದೆ. ‘ಸೊಮ್ನೀ’ ಅಂದರೆ ‘ನಿದ್ದೆಯ’. ಎರಡೇ ಪದ. ಒಂದರಲ್ಲಿ ನಮ್ಮ ‘ಅಲ್ಲಿ’ ಕೂತಿದೆ, ಇನ್ನೊಂದರಲ್ಲಿ ನಮ್ಮ ‘ಅ’ ಕೂತಿದೆ.

ಅಂದರೆ ಲ್ಯಾಟಿನ್ ವಿಭಕ್ತಿಯ ಭಾಷೆ. ಕನ್ನಡವೂ ವಿಭಕ್ತಿಯ ಭಾಷೆ. ಈ ಲೇಖನ ಪೂರ್ತಿ ನಿಂತಿರುವುದು ಇದರ ಮೇಲೇ.

ನಾನು ಶುರು ಮಾಡಿದ್ದು ಬೇರೆ ದಾರಿಯಲ್ಲಿ. ಇಂಗ್ಲಿಷ್‌ನಲ್ಲಿ ಬರೆದ ಒಂದು ವ್ಯಾಕರಣದ ಪುಸ್ತಕ ತಂದೆ. ಅದರಲ್ಲಿದ್ದ ಕೋಷ್ಟಕಗಳನ್ನೆಲ್ಲ 3 ತಿಂಗಳು ಬಾಯಿಪಾಠ ಮಾಡಿದೆ. ಆಮೇಲೆ ಮಕ್ಕಳಿಗೆ ಬರೆದ ಒಂದು ಸಣ್ಣ ಕಥೆ ತೆರೆದರೆ ಮೊದಲ ವಾಕ್ಯಕ್ಕೇ ಕಾಲು ಗಂಟೆ ಹಿಡಿಯಿತು. ಪ್ರತಿ ಲ್ಯಾಟಿನ್ ಪದವನ್ನೂ ಇಂಗ್ಲಿಷ್‌ಗೆ ತಂದು, ಅದರ ಜಾಗ ಬದಲಿಸಿ, ಅಲ್ಲಿಂದ ಮನಸ್ಸಿನೊಳಗೆ ಕನ್ನಡಕ್ಕೆ ತರುತ್ತಿದ್ದೆ. ಒಂದು ಸಂಜೆ ಬೇಸತ್ತು ಪೆನ್ಸಿಲ್ ತೆಗೆದುಕೊಂಡು ಪ್ರತಿ ಪದದ ಕೆಳಗೂ ನೇರ ಕನ್ನಡದ ರೂಪವನ್ನೇ ಬರೆದೆ: ರಾಣಿಗೆ, ಗುಲಾಬಿಯನ್ನು, ಹುಡುಗ, ಕೊಡುತ್ತಾನೆ. ವಾಕ್ಯ ಇದ್ದ ಹಾಗೇ ಅರ್ಥವಾಯಿತು. ಒಂದು ಪದವನ್ನೂ ಅಲುಗಿಸಬೇಕಾಗಲಿಲ್ಲ.

ಇಂಗ್ಲಿಷ್ ಪುಸ್ತಕಗಳು ‘ಕೇಸ್’ ಅಂದರೇನು ಅಂತ ವಿವರಿಸಲು ಪುಟಗಟ್ಟಲೆ ತೆಗೆದುಕೊಳ್ಳುತ್ತವೆ. ಅವರ ಓದುಗರಿಗೆ ಅದು ಬೇಕು. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಅಂತ ರಾಗವಾಗಿ ಹೇಳಿದ ನಿಮಗೆ ಆ ಪುಟಗಳು ಬೇಡ. ಅವನ್ನು ಹಾರಿಸಿ.

ಮೊದಲು ಬಾಯಿ, ಆಮೇಲೆ ವ್ಯಾಕರಣ

ಮೊದಲ ಎರಡು ವಾರ ಬರೀ ಉಚ್ಚಾರಣೆಗೆ ಕೊಡಿ. ಇದನ್ನು ಬಿಟ್ಟು ಮುಂದೆ ಹೋದರೆ ಮುಂದಿನದೆಲ್ಲ ಜಾಸ್ತಿ ಕಷ್ಟ.

ಲ್ಯಾಟಿನ್ ಬರೆಯುವುದು ನಮಗೆ ಇಂಗ್ಲಿಷ್‌ನಿಂದ ಗೊತ್ತಿರುವ ಅಕ್ಷರಗಳಲ್ಲೇ. ಅಪಾಯ ಇರುವುದೂ ಅಲ್ಲೇ. ಕಣ್ಣು ಲ್ಯಾಟಿನ್ ನೋಡುತ್ತದೆ, ಬಾಯಿ ಇಂಗ್ಲಿಷ್ ಓದುತ್ತದೆ. ಇದಕ್ಕೆ ಒಳ್ಳೆಯ ಮದ್ದು ಕನ್ನಡ ಲಿಪಿ. ಮೊದಲ ತಿಂಗಳು ಓದುವ ಪ್ರತಿ ವಾಕ್ಯವನ್ನೂ ನೋಟ್‌ಬುಕ್‌ನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಸೀಸರ್ ಅಲ್ಲಿ ‘ಕೈಸರ್’ ಆಗುತ್ತಾನೆ, ಸಿಸೆರೊ ‘ಕಿಕೆರೋ’ ಆಗುತ್ತಾನೆ, ಜೂಲಿಯಸ್ ‘ಯೂಲಿಯುಸ್’ ಆಗುತ್ತಾನೆ. ಆ ಕಾಲದ ರೋಮಿನ ಓದು ಹೀಗೇ ಇತ್ತು ಅಂತ ವಿದ್ವಾಂಸರು ಒಪ್ಪಿದ್ದಾರೆ.

ನಮ್ಮ ಲಿಪಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಲ್ಯಾಟಿನ್‌ನಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಲೆಗಿತ್’ ಅಂದರೆ ಓದುತ್ತಾನೆ, ‘ಲೇಗಿತ್’ ಅಂದರೆ ಓದಿದ. ‘ಮಲುಮ್’ ಕೆಡುಕು, ‘ಮಾಲುಮ್’ ಸೇಬು. ‘ಪೊಪುಲುಸ್’ ಜನ, ‘ಪೋಪುಲುಸ್’ ಒಂದು ಜಾತಿಯ ಮರ. ದೇವನಾಗರಿಯಲ್ಲಿ ಬರೆದರೆ ಎ-ಏ, ಒ-ಓ ವ್ಯತ್ಯಾಸ ತೋರಿಸಲು ಹೆಚ್ಚಿನ ಗುರುತು ಬೇಕು. ಕನ್ನಡದಲ್ಲಿ ಅದು ವರ್ಣಮಾಲೆಯಲ್ಲೇ ಇದೆ. ಪಠ್ಯಪುಸ್ತಕಗಳು ದೀರ್ಘ ಸ್ವರದ ತಲೆಯ ಮೇಲೆ ಒಂದು ಗೆರೆ ಹಾಕಿರುತ್ತವೆ. ಗೆರೆ ಹಾಕಿದ ಪುಸ್ತಕವನ್ನೇ ಆರಿಸಿಕೊಳ್ಳಿ. ಒತ್ತಕ್ಷರವೂ ಅಷ್ಟೇ. ‘ಅನುಸ್’ ಮುದುಕಿ, ‘ಅನ್ನುಸ್’ ವರ್ಷ. ಹಳಿ, ಹಳ್ಳಿ ಬೇರೆ ಮಾಡಿ ಹೇಳುವವರಿಗೆ ಇದು ಕಷ್ಟವೇ ಅಲ್ಲ.

ನೆನಪಿಡಬೇಕಾದ ಅಕ್ಷರಗಳು ಕೆಲವೇ. ‘ಸಿ’ ಅಕ್ಷರ ಯಾವಾಗಲೂ ಕ. ‘ಟಿ’ ಯಾವಾಗಲೂ ನಮ್ಮ ತ, ಟ ಅಲ್ಲ. ‘ಡಿ’ ಯಾವಾಗಲೂ ದ. ಎ-ಇ ಜೋಡಿ ಬಂದರೆ ಐ.

ಇನ್ನು ನಮ್ಮ ಬಾಯಿಯ ಎರಡು ಅಭ್ಯಾಸಗಳನ್ನು ತಿದ್ದಬೇಕು. ಮೊದಲನೆಯದು, ಪದದ ಕೊನೆಗೆ ‘ಉ’ ಸೇರಿಸುವುದು. ಬಸ್ ಅನ್ನು ನಾವು ಬಸ್ಸು ಮಾಡುತ್ತೇವೆ, ಕಾರ್ ಅನ್ನು ಕಾರು ಮಾಡುತ್ತೇವೆ. ಲ್ಯಾಟಿನ್‌ನಲ್ಲಿ ಕೊನೆಯ ಮ್, ಸ್, ತ್ ಇವುಗಳಲ್ಲೇ ಪ್ರತ್ಯಯದ ಜೀವ ಇರುವುದು. ‘ಅಮತ್’ ಅನ್ನುವುದನ್ನು ‘ಅಮತು’ ಅನ್ನಬೇಡಿ. ಎರಡನೆಯದು, ಎಲೆಯನ್ನು ‘ಯೆಲೆ’ ಅನ್ನುವ ಹಾಗೆ ‘ಎಸ್ತ್’ ಅನ್ನು ‘ಯೆಸ್ತ್’ ಅನ್ನುವುದು. ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದೇ ವಾರದಲ್ಲಿ ಸರಿಹೋಗುತ್ತದೆ.

ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು? ಇದಕ್ಕೂ ನಮ್ಮ ಛಂದಸ್ಸಿನ ಲಘು-ಗುರು ಸಾಕು. ಕೊನೆಯಿಂದ ಎರಡನೆಯದು ಗುರುವಾದರೆ ಒತ್ತು ಅದಕ್ಕೇ. ‘ರೇಗೀನ’ದಲ್ಲಿ ಗೀ. ಅದು ಲಘುವಾದರೆ ಒತ್ತು ಅದರ ಹಿಂದಿನದಕ್ಕೆ. ರೈತ ಅನ್ನುವ ಅರ್ಥದ ‘ಅಗ್ರಿಕೊಲ’ದಲ್ಲಿ ಗ್ರಿ. ಎರಡೇ ಅಕ್ಷರದ ಪದಗಳಲ್ಲಿ ಒತ್ತು ಮೊದಲನೆಯದಕ್ಕೆ.

ಚರ್ಚಿನ ಉಚ್ಚಾರಣೆ ಬೇರೆ. ಅದರಲ್ಲಿ ಎ, ಇ ಮುಂದೆ ಬಂದಾಗ ಕ ಹೋಗಿ ಚ ಆಗುತ್ತದೆ. ‘ಪಾಕೆಮ್’ ಅಲ್ಲಿ ‘ಪಾಚೆಮ್’. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಪೂಜೆ ಆಯಾ ಊರಿನ ಭಾಷೆಗೆ ಬಂತು. ಅದಕ್ಕೂ ಮುಂಚೆ ಮಂಗಳೂರಿನ ಚರ್ಚುಗಳಲ್ಲೂ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಆ ಪ್ರಾರ್ಥನೆಗಳು ಇನ್ನೂ ಇದ್ದರೆ ಚರ್ಚಿನ ಉಚ್ಚಾರಣೆಯನ್ನೇ ಇಟ್ಟುಕೊಳ್ಳಿ. ಎರಡೂ ಸರಿಯೇ. ಎರಡನ್ನೂ ಬೆರೆಸಬೇಡಿ, ಅಷ್ಟೇ.

ವಿಭಕ್ತಿ: ಒಂದು ಪದ, ಒಂದು ವಾರ

ಪ್ರತ್ಯಯ ಸೇರುವ ರೀತಿ ನೋಡಿ ಲ್ಯಾಟಿನ್ ನಾಮಪದಗಳನ್ನು ಐದು ಗುಂಪು ಮಾಡಿದ್ದಾರೆ. ಐದೂ ಗುಂಪುಗಳ ಕೋಷ್ಟಕಗಳನ್ನು ಒಟ್ಟಿಗೆ ಕಲಿಯಬೇಡಿ. ಒಂದು ಪದ ಹಿಡಿಯಿರಿ. ‘ರೇಗೀನ’ ಅಂದರೆ ರಾಣಿ ಅಂತ ಇಟ್ಟುಕೊಳ್ಳೋಣ.

ರೇಗೀನ: ರಾಣಿ
ರೇಗೀನಮ್: ರಾಣಿಯನ್ನು
ರೇಗೀನೈ: ರಾಣಿಯ
ರೇಗೀನೈ: ರಾಣಿಗೆ
ರೇಗೀನಾ: ರಾಣಿಯಿಂದ

ಬಹುವಚನ ಇದೇ ಕ್ರಮದಲ್ಲಿ: ರೇಗೀನೈ, ರೇಗೀನಾಸ್, ರೇಗೀನಾರುಮ್, ರೇಗೀನೀಸ್, ರೇಗೀನೀಸ್. ಕರೆಯುವಾಗ ಮೊದಲನೆಯ ರೂಪವೇ ಸಾಕು.

ಕೊನೆಯ ರೂಪ ದೊಡ್ಡ ಕೆಲಸಗಾರ. ನಮ್ಮ ‘ಇಂದ’ ಮತ್ತು ‘ಅಲ್ಲಿ’ ಎರಡರ ಕೆಲಸವೂ ಅದರದೇ. ‘ಗ್ಲದಿಓ’ ಅಂದರೆ ಕತ್ತಿಯಿಂದ, ‘ಇನ್ ಸಿಲ್ವಾ’ ಅಂದರೆ ಕಾಡಿನಲ್ಲಿ. ತೃತೀಯಾ, ಪಂಚಮೀ, ಸಪ್ತಮೀ ಮೂರೂ ಒಂದೇ ಮನೆಯಲ್ಲಿವೆ ಅಂದುಕೊಳ್ಳಿ. ಜನರ ಹೆಸರಿಗೆ ಮಾತ್ರ ‘ಇಂದ’ ಹೇಳಲು ಮುಂದೆ ಸಾಮಾನ್ಯವಾಗಿ ‘ಆ’ ಅಥವಾ ‘ಅಬ್’ ಸೇರುತ್ತದೆ.

‘ರೇಗೀನೈ’ ಒಂದೇ ರೂಪಕ್ಕೆ ಮೂರು ಅರ್ಥ ಬಂತಲ್ಲ, ಗೊಂದಲ ಆಗುವುದಿಲ್ಲವೇ? ವಾಕ್ಯದೊಳಗೆ ಆಗುವುದಿಲ್ಲ. ನನಗೆ ದಾರಿ ತೋರಿಸಿದ ಆ ವಾಕ್ಯ ಹೀಗಿತ್ತು: ‘ರೇಗೀನೈ ರೊಸಮ್ ಪುಎರ್ ದತ್.’ ಬೆರಳಿಟ್ಟು ಎಡದಿಂದ ಬಲಕ್ಕೆ ಹೋಗಿ. ರೇಗೀನೈ: ರಾಣಿಯರೋ, ರಾಣಿಯದೋ, ರಾಣಿಗೋ, ಇನ್ನೂ ಗೊತ್ತಿಲ್ಲ, ಹಾಗೇ ಇಟ್ಟುಕೊಳ್ಳಿ. ರೊಸಮ್: ಗುಲಾಬಿಯನ್ನು. ಪುಎರ್: ಹುಡುಗ. ಆಗ ಕರ್ತೃ ಸಿಕ್ಕಿತು. ದತ್: ಕೊಡುತ್ತಾನೆ. ಕೊಡುವುದು ಅಂದ ಮೇಲೆ ಯಾರಿಗೋ ಕೊಡಬೇಕು. ‘ರಾಣಿಗೆ’ ತಾನಾಗಿಯೇ ಗಟ್ಟಿಯಾಯಿತು. ರಾಣಿಗೆ ಗುಲಾಬಿಯನ್ನು ಹುಡುಗ ಕೊಡುತ್ತಾನೆ. ಕ್ರಿಯಾಪದ ಬರುವ ತನಕ ಕಾಯುವುದು ಕನ್ನಡದವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಲ್ಯಾಟಿನ್ ಓದಿಗೆ ಬೇಕಾದ ಮುಖ್ಯ ಅಭ್ಯಾಸವೂ ಅದೇ.

ಎರಡನೇ ವಾರಕ್ಕೆ ‘ದೊಮಿನುಸ್’, ಯಜಮಾನ. ಮೂರನೇ ವಾರಕ್ಕೆ ‘ದೋನುಮ್’, ಕಾಣಿಕೆ. ಇದು ನಪುಂಸಕ ಲಿಂಗ. ನಪುಂಸಕದಲ್ಲಿ ‘ಕಾಣಿಕೆ’, ‘ಕಾಣಿಕೆಯನ್ನು’ ಎರಡಕ್ಕೂ ಒಂದೇ ರೂಪ. ನಾವೂ ‘ಹಣ್ಣು ತಿಂದೆ’, ‘ನೀರು ಕುಡಿದೆ’ ಅಂತ ‘ಅನ್ನು’ ಬಿಟ್ಟೇ ಮಾತಾಡುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ಆದರೆ ಗಂಡು, ಹೆಣ್ಣು ಪದಗಳ ಏಕವಚನದಲ್ಲಿ ‘ಅನ್ನು’ವಿನ ಗುರುತನ್ನು ಲ್ಯಾಟಿನ್ ಬಿಡುವುದಿಲ್ಲ. ನಪುಂಸಕದ ಬಹುವಚನ ‘ದೋನ’. ಅದನ್ನು ನೋಡಿ ರೇಗೀನದ ತರಹದ ಹೆಣ್ಣು ಪದ ಅಂದುಕೊಳ್ಳುವುದು ಎಲ್ಲ ಹೊಸಬರೂ ಮಾಡುವ ತಪ್ಪು.

ಮೂರನೇ ಗುಂಪಿಗೆ ಒಂದು ತಿಂಗಳು ಕೊಡಿ. ತುಂಬಾ ಪದಗಳು ಇರುವುದು ಇದರಲ್ಲೇ. ಇಲ್ಲಿ ಪದದ ಮೊದಲ ರೂಪ ಒಂದನ್ನೇ ಕಲಿತರೆ ಏನೂ ಉಪಯೋಗ ಇಲ್ಲ. ರಾಜನಿಗೆ ‘ರೇಕ್ಸ್’, ರಾಜನ ಅನ್ನಲು ‘ರೇಗಿಸ್’. ನದಿಗೆ ‘ಫ್ಲೂಮೆನ್’, ನದಿಯ ಅನ್ನಲು ‘ಫ್ಲೂಮಿನಿಸ್’. ಪ್ರಯಾಣಕ್ಕೆ ‘ಇತೆರ್’, ಪ್ರಯಾಣದ ಅನ್ನಲು ‘ಇತಿನೆರಿಸ್’. ಕನ್ನಡ ಕಲಿಯುವ ಹೊರಗಿನವರಿಗೆ ನಾವು ಏನು ಹೇಳುತ್ತೇವೆ? ಮರ ಅಂದರೆ ಮರದ, ಕಾಡು ಅಂದರೆ ಕಾಡಿನ, ಮಗು ಅಂದರೆ ಮಗುವಿನ. ‘ಅ’ ಪ್ರತ್ಯಯದ ರೂಪ ಗೊತ್ತಾದರೆ ಮರದಲ್ಲಿ, ಕಾಡಿನಿಂದ ಎಲ್ಲ ಹೊರಡುತ್ತವೆ. ಲ್ಯಾಟಿನ್ ನಿಘಂಟು ಎರಡು ರೂಪ ಕೊಡುವುದು ಇದೇ ಕಾರಣಕ್ಕೆ. ಎರಡನ್ನೂ ಜೋಡಿಯಾಗಿ ಕಲಿಯಿರಿ.

ನಾಲ್ಕನೇ, ಐದನೇ ಗುಂಪು ಚಿಕ್ಕವು. ಕೈ, ಮನೆ, ದಿನ, ವಿಷಯ ಇಂಥ ಕೆಲವು ಬಳಕೆಯ ಪದಗಳಿವೆ. ಓದಿನಲ್ಲಿ ಎದುರಾದಾಗ ಕಲಿತರೆ ಸಾಕು.

ಕನ್ನಡ ಕೈಕೊಡುವ ಜಾಗಗಳು

ಕನ್ನಡದ ದಾರಿ ಒಳ್ಳೆಯದು ಅಂದೆ. ಅದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಹೇಳಬೇಕು.

‘ಗೆ’ ಪ್ರತ್ಯಯ ಮೊದಲನೆಯ ಗುಂಡಿ. ನಾವು ‘ರಾಣಿಗೆ ಕೊಟ್ಟೆ’ ಅನ್ನುತ್ತೇವೆ, ‘ರೋಮಿಗೆ ಹೋದೆ’ ಅಂತಲೂ ಅನ್ನುತ್ತೇವೆ. ಲ್ಯಾಟಿನ್ ಇವೆರಡನ್ನೂ ಬೇರೆ ಮಾಡುತ್ತದೆ. ಕೊಡುವಾಗ ಚತುರ್ಥಿ. ಹೋಗುವಾಗ ದ್ವಿತೀಯಾ: ‘ಅದ್ ರೇಗೀನಮ್’, ರಾಣಿಯ ಕಡೆಗೆ. ಊರುಗಳ ಹೆಸರಿಗೆ ‘ಅದ್’ ಕೂಡ ಬೇಡ, ‘ರೋಮಮ್’ ಅಂದರೇ ರೋಮಿಗೆ. ‘ಇನ್ ಸಿಲ್ವಾ’ ಕಾಡಿನಲ್ಲಿ, ‘ಇನ್ ಸಿಲ್ವಮ್’ ಕಾಡಿನೊಳಕ್ಕೆ. ಒಂದು ಮ್ ಸೇರಿದ್ದಕ್ಕೆ ನಿಂತವನು ನಡೆಯತೊಡಗಿದ.

ಎರಡನೆಯದು ಇನ್ನೂ ಆಳ. ನಮ್ಮಲ್ಲಿ ‘ದೊಡ್ಡ’ ಅನ್ನುವ ಪದ ಎಂದೂ ಬದಲಾಗುವುದಿಲ್ಲ. ದೊಡ್ಡ ಮನೆ, ದೊಡ್ಡ ಮನೆಯಲ್ಲಿ, ದೊಡ್ಡ ರಾಣಿಗೆ. ಲ್ಯಾಟಿನ್‌ನಲ್ಲಿ ಗುಣವಾಚಕ ತನ್ನ ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ಹಿಂಬಾಲಿಸುತ್ತದೆ. ಜೊತೆಗೆ ಲಿಂಗ ಅರ್ಥದಿಂದ ಬರುವುದಿಲ್ಲ. ಮೇಜು ಅಲ್ಲಿ ಹೆಣ್ಣು, ಪುಸ್ತಕ ಗಂಡು, ಕಾಣಿಕೆ ನಪುಂಸಕ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ಉಳಿದವರು ಪ್ರತಿ ಪದದ ಜೊತೆ ಅದರ ಲಿಂಗವನ್ನೂ ಬರೆದುಕೊಳ್ಳಬೇಕು.

ಇದನ್ನು ಕಲಿಯಲು ನನಗೆ ತುಂಬಾ ಹಿಡಿಸಿದ ಜಾಗ ಲಾಲ್‌ಬಾಗ್. ಮರಗಳ ಮೇಲಿನ ಫಲಕ ಓದುತ್ತಾ ನಡೆಯಿರಿ. ಗಿಡಗಳಿಗೆ ಎರಡು ಪದದ ಹೆಸರು ಇಡುವ ಈಗಿನ ಪದ್ಧತಿ ಸಸ್ಯವಿಜ್ಞಾನಿ ಲಿನೇಯಸ್‌ನ 1753ರ ಪುಸ್ತಕದಿಂದ ಲೆಕ್ಕ. ಶ್ರೀಗಂಧ ‘ಸಾಂತಲುಮ್ ಅಲ್ಬುಮ್’. ಅಲ್ಬುಮ್ ಅಂದರೆ ಬಿಳಿ, ನಪುಂಸಕ, ಏಕೆಂದರೆ ಸಾಂತಲುಮ್ ನಪುಂಸಕ. ಕಾಳುಮೆಣಸು ‘ಪಿಪೆರ್ ನಿಗ್ರುಮ್’. ಪಿಪೆರ್ ಉಮ್‌ನಲ್ಲಿ ಮುಗಿಯದಿದ್ದರೂ ನಪುಂಸಕ, ಅದಕ್ಕೇ ಕಪ್ಪು ಅನ್ನುವ ಪದ ನಿಗ್ರುಮ್ ಆಯಿತು. ತೆಂಗು ‘ಕೋಕೋಸ್ ನುಕಿಫೆರ’, ಕಾಯಿ ಹೊರುವುದು. ಈಗ ಅರಳಿ ಮರ ನೋಡಿ: ‘ಫೀಕುಸ್ ರೆಲಿಗಿಓಸ’. ಫೀಕುಸ್ ನೋಡಲು ದೊಮಿನುಸ್ ತರಹ ಗಂಡು. ಆದರೆ ರೆಲಿಗಿಓಸ ಹೆಣ್ಣು ರೂಪ. ಲ್ಯಾಟಿನ್‌ನಲ್ಲಿ ಮರದ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಹುಣಸೆಯೂ ಹಾಗೇ, ‘ತಮರಿಂದುಸ್ ಇಂದಿಕ’. ಹತ್ತು ಮರ ನೋಡಿ ಬಂದರೆ ಹೊಂದಾಣಿಕೆಯ ಪಾಠ ಕಾಲಿನ ಮೂಲಕವೇ ತಲೆಗೆ ಹತ್ತಿರುತ್ತದೆ.

ಮೂರನೆಯದು ಚಿಕ್ಕದು. ನಾವು ‘ಮೇಜಿನ ಕೆಳಗೆ’ ಅನ್ನುತ್ತೇವೆ. ಅವರು ‘ಕೆಳಗೆ’ಯನ್ನು ಮುಂದಿಡುತ್ತಾರೆ: ‘ಸುಬ್ ಮೇನ್ಸಾ’. ಬೇಗ ರೂಢಿಯಾಗುತ್ತದೆ. ‘ಮೇಕುಮ್’ ಅಂದರೆ ನನ್ನ ಜೊತೆ. ಇದೊಂದರಲ್ಲಿ ‘ಜೊತೆ’ ನಮ್ಮ ಹಾಗೆ ಹಿಂದೆಯೇ ಉಳಿದಿದೆ. ‘ತೇಕುಮ್’, ನಿನ್ನ ಜೊತೆ.

ಕ್ರಿಯಾಪದ

ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ರಿಟ್‌ಗಳ ಹೆಸರು ನೆನಪಿರಬಹುದು. ಮ್ಯಾಂಡಮಸ್ ಅಂದರೆ ‘ಆಜ್ಞಾಪಿಸುತ್ತೇವೆ’ ಅಂತ ಬರೆದು ಅಂಕ ತೆಗೆದಿರುತ್ತೀರಿ. ಲ್ಯಾಟಿನ್‌ನಲ್ಲಿ ಅದು ‘ಮಂದಾಮುಸ್’. ‘ಮಂದಾ’ ಆಜ್ಞಾಪಿಸು, ‘ಮುಸ್’ ನಮ್ಮ ‘ಏವೆ’. ಸಂವಿಧಾನದ 32 ಮತ್ತು 226ನೇ ವಿಧಿಗಳ ಕೆಳಗೆ ಬರುವ ಆ ಒಂದು ಪದದಲ್ಲಿ ಕರ್ತೃ, ಕ್ರಿಯೆ, ಕಾಲ ಎಲ್ಲ ಇದೆ. ‘ನಾವು’ ಅಂತ ಬೇರೆ ಹೇಳಬೇಕಿಲ್ಲ. ಕನ್ನಡದಲ್ಲೂ ಬೇಕಿಲ್ಲ.

ಸೀಸರ್ ಹೇಳಿದ್ದು ಅಂತ ಹೆಸರಾದ ‘ವೇನೀ, ವೀದೀ, ವೀಕೀ’ ತೆಗೆದುಕೊಳ್ಳಿ. ಬಂದೆ, ನೋಡಿದೆ, ಗೆದ್ದೆ. ಮೂರಕ್ಕೆ ಮೂರೇ ಪದ. ಇಂಗ್ಲಿಷ್‌ನಲ್ಲಿ ಮೂರು ಸಲ ‘ನಾನು’ ಅನ್ನಬೇಕಾಗುತ್ತದೆ.

ಪ್ರತ್ಯಯಗಳು ಆರು: ಓ ಅಥವಾ ಮ್, ಸ್, ತ್, ಮುಸ್, ತಿಸ್, ಂತ್. ಪ್ರೀತಿಸು ಅನ್ನುವುದಕ್ಕೆ: ಅಮೋ, ಅಮಾಸ್, ಅಮತ್, ಅಮಾಮುಸ್, ಅಮಾತಿಸ್, ಅಮಂತ್. ಪ್ರೀತಿಸುತ್ತೇನೆ, ಪ್ರೀತಿಸುತ್ತೀಯ, ಹೀಗೆ ಸಾಲಾಗಿ. ‘ಅಮತ್’ ಅಂದರೆ ಪ್ರೀತಿಸುತ್ತಾನೆ, ಪ್ರೀತಿಸುತ್ತಾಳೆ, ಪ್ರೀತಿಸುತ್ತದೆ, ಮೂರೂ ಆಗಬಹುದು. ಇಲ್ಲಿ ಕನ್ನಡವೇ ಹೆಚ್ಚು ಹೇಳುತ್ತದೆ. ಇನ್ನೊಂದು ವಿಷಯ: ಆ ಕಾಲದ ಲ್ಯಾಟಿನ್‌ನಲ್ಲಿ ಒಬ್ಬರನ್ನು ‘ನೀವು’ ಅನ್ನುವ ಪದ್ಧತಿ ಇಲ್ಲ. ಅಪ್ಪನಿಗೂ ‘ತೂ’, ಸೀಸರನಿಗೂ ‘ತೂ’. ಅನುವಾದ ಮಾಡುವಾಗ ಎಲ್ಲಿ ‘ನೀವು’ ಹಾಕಬೇಕು ಅನ್ನುವುದು ನಿಮ್ಮ ತೀರ್ಮಾನ.

ಕ್ರಿಯಾಪದಕ್ಕೆ ನಿಘಂಟು ನಾಲ್ಕು ರೂಪ ಕೊಡುತ್ತದೆ. ‘ಮಾಡು’ ಅನ್ನುವುದಕ್ಕೆ ಫಕಿಓ, ಫಕೆರೆ, ಫೇಕೀ, ಫಕ್ತುಮ್. ನಾಲ್ಕನ್ನೂ ಒಂದೇ ಉಸಿರಲ್ಲಿ ಕಲಿಯಿರಿ. ಕೊಡು-ಕೊಟ್ಟ, ತರು-ತಂದ, ಬೀಳು-ಬಿದ್ದ ಇವಕ್ಕೆ ನಿಯಮ ಹೇಳಿಕೊಡುವುದಕ್ಕಿಂತ ರೂಪ ಕಲಿಸುವುದೇ ಸುಲಭ ಅಲ್ವಾ? ಅಲ್ಲಿಯೂ ಹಾಗೇ. ಮೊದಲ ಆರು ತಿಂಗಳು ಮೂರು ಕಾಲ ಸಾಕು: ವರ್ತಮಾನ, ‘ಮಾಡುತ್ತಿದ್ದ’ ಅನ್ನುವುದು, ‘ಮಾಡಿದ’ ಅನ್ನುವುದು.

ಕನ್ನಡದ ಕಿವಿಗೆ ಹಿತವಾದ ರಚನೆಗಳು

ಈ ಭಾಗ ಬರೆಯುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಕನ್ನಡಕ್ಕೂ ಲ್ಯಾಟಿನ್‌ಗೂ ರಕ್ತಸಂಬಂಧ ಇಲ್ಲ. ನಮ್ಮದು ದ್ರಾವಿಡ, ಅದು ಬೇರೆ ಕುಟುಂಬ. ಆದರೂ ಹೇಳುವ ರೀತಿ ಎಷ್ಟೋ ಕಡೆ ಒಂದೇ.

‘ಮಿಹಿ ದುಒ ಫ್ರಾತ್ರೇಸ್ ಸುಂತ್.’ ನನಗೆ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ. ‘ನನಗೆ’, ‘ಇದ್ದಾರೆ’ ಎರಡೂ ಹಾಗೇ ಇವೆ. ‘ಮಿಹಿ ಪ್ಲಕೆತ್’: ನನಗೆ ಹಿಡಿಸುತ್ತದೆ.

ಪ್ರಶ್ನೆ ಕೇಳಲು ನಾವು ಕೊನೆಗೆ ‘ಆ’ ಸೇರಿಸುತ್ತೇವೆ. ಅವರು ಮೊದಲ ಪದಕ್ಕೆ ‘ನೆ’ ಸೇರಿಸುತ್ತಾರೆ. ‘ವೆನೀಸ್‌ನೆ?’ ಬರ್ತೀಯಾ? ಉತ್ತರ: ‘ವೆನಿಓ.’ ಬರ್ತೀನಿ. ಹೌದು ಅನ್ನುವ ಬದಲು ಕ್ರಿಯಾಪದವನ್ನೇ ತಿರುಗಿ ಹೇಳುವುದು ಅವರ ವಾಡಿಕೆ, ನಮ್ಮದೂ ಅದೇ. ‘ಮತ್ತು’ ಅನ್ನಲು ಪದದ ಬಾಲಕ್ಕೆ ‘ಕ್ವೆ’ ಅಂಟಿಸಬಹುದು: ‘ಪುಎರ್ ಪುಎಲ್ಲಕ್ವೆ’, ಹುಡುಗನೂ ಹುಡುಗಿಯೂ. ನಾವು ಎರಡಕ್ಕೂ ‘ಊ’ ಹಾಕುತ್ತೇವೆ, ಅವರು ಎರಡನೆಯದಕ್ಕೆ ಮಾತ್ರ.

ಇಂಗ್ಲಿಷ್ ಪುಸ್ತಕಗಳಲ್ಲಿ ಹೊಸಬರನ್ನು ಹೆದರಿಸುವ ಸಬ್ಜಂಕ್ಟಿವ್ ನಮ್ಮ ‘ಲಿ’. ‘ವೀವತ್’, ಬಾಳಲಿ. ‘ವೆನಿಅತ್’, ಬರಲಿ. ಸಮಾಧಿಗಳ ಮೇಲಿನ ಆರ್.ಐ.ಪಿ. ಅಂದರೆ ‘ರೆಕ್ವಿಏಸ್ಕತ್ ಇನ್ ಪಾಕೆ’, ಶಾಂತಿಯಲ್ಲಿ ವಿರಮಿಸಲಿ. ‘ರೊಗೋ ಉತ್ ವೆನಿಅತ್’: ಬರಲಿ ಎಂದು ಕೇಳಿಕೊಳ್ಳುತ್ತೇನೆ. ‘ಉತ್’ ಅಂದರೆ ಎಂದು, ‘ಅತ್’ ಅಂದರೆ ಅಲಿ. ಎಲ್ಲ ಕಡೆ ಹೀಗೇ ಸರಿಹೊಂದುವುದಿಲ್ಲ. ಆದರೆ ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಇನ್ನೊಂದು ಭಯ, ವಾಕ್ಯದ ಮಧ್ಯೆ ಒಂಟಿಯಾಗಿ ನಿಲ್ಲುವ ಎರಡು ಪದ. ‘ರೇಕ್ಸ್, ಉರ್ಬೆ ಕಪ್ತಾ, ಮೀಲಿತಿಬುಸ್ ದೋನ ದೆದಿತ್.’ ಉರ್ಬೆ ಕಪ್ತಾ ಎರಡೂ ‘ಇಂದ’ದ ರೂಪದಲ್ಲಿವೆ. ಅಲ್ಲಿ ‘ಮೇಲೆ’ ಅಂತ ಹಾಕಿ ಓದಿ. ರಾಜ, ಊರು ವಶವಾದ ಮೇಲೆ, ಸೈನಿಕರಿಗೆ ಕಾಣಿಕೆಗಳನ್ನು ಕೊಟ್ಟ. ಪದದ ಕ್ರಮ ಇಲ್ಲೂ ಕದಲಲಿಲ್ಲ. ಹಳಗನ್ನಡ, ನಡುಗನ್ನಡ ಕಾವ್ಯ ಓದಿದವರಿಗೆ ‘ಸೂರ್ಯನುದಿಸಲು’ ಅನ್ನುವ ‘ಅಲು’ ನೆನಪಾಗಬಹುದು. ಕೆಲಸ ಅದೇ.

ಹೆಣಗಾಡಬೇಕಾದ ಒಂದು ರಚನೆ ಇದೆ. ‘ಹುಡುಗ ಬರುತ್ತಾನೆ ಎಂದು ಹೇಳುತ್ತೇನೆ’ ಅನ್ನಲು ಅವರು ‘ಎಂದು’ ಬಳಸುವುದಿಲ್ಲ. ‘ಪುಎರುಮ್ ವೆನೀರೆ ದೀಕೋ’ ಅನ್ನುತ್ತಾರೆ. ಹುಡುಗನನ್ನು, ಬರುವುದು, ಹೇಳುತ್ತೇನೆ. ‘ಹುಡುಗ ಬರುವುದನ್ನು ನೋಡಿದೆ’ ಅನ್ನುವಾಗ ನಾವು ‘ಅನ್ನು’ವನ್ನು ಬರುವಿಕೆಗೆ ಹಚ್ಚುತ್ತೇವೆ. ಅವರು ಹುಡುಗನಿಗೆ ಹಚ್ಚುತ್ತಾರೆ. ಹೇಳು, ತಿಳಿ, ನಂಬು, ಕೇಳಿಸಿಕೋ ಇಂಥ ಕ್ರಿಯಾಪದ ಕಂಡ ಕೂಡಲೇ ಈ ರಚನೆ ಇದೆಯಾ ಅಂತ ಹುಡುಕಿ. ಮೊದಲ ವರ್ಷ ಪೂರ್ತಿ ಇದು ಕಾಡುತ್ತದೆ. ಓದಿ ಓದಿಯೇ ಪಳಗಬೇಕು.

ಪದಗಳು

ಪದಗಳಿಗೆ ಸಂಸ್ಕೃತದ ನೆಂಟಸ್ತಿಕೆ ನೆರವಾಗುತ್ತದೆ. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂದದ್ದು ಪ್ರಸಿದ್ಧ. ಕನ್ನಡದಲ್ಲಿ ದಿನಾ ಬಳಸುವ ಪದಗಳಲ್ಲೇ ಅದನ್ನು ಕಾಣಬಹುದು. ಮಾತೆರ್-ಮಾತೃ, ಪತೆರ್-ಪಿತೃ, ಇಗ್ನಿಸ್-ಅಗ್ನಿ, ದೇನ್ಸ್-ದಂತ, ನೋಮೆನ್-ನಾಮ, ವಿದುಅ-ವಿಧವೆ, ದೋನುಮ್-ದಾನ, ಸೆಪ್ತೆಮ್-ಸಪ್ತ, ದೆಕೆಮ್-ದಶ. ಇಂಥ ನೂರು ಪದ ಪಟ್ಟಿ ಮಾಡಿದರೆ ಮೊದಲ ತಿಂಗಳ ಪದಗಳ ಭಾರ ಅರ್ಧ ಇಳಿಯುತ್ತದೆ.

ಪುಸ್ತಕ, ಮತ್ತು ದಿನದ ಅರ್ಧ ಗಂಟೆ

ಒಂದೇ ಪುಸ್ತಕ ಹೇಳಿ ಅಂದರೆ ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ ಬರೆದ ‘ಲಿಂಗ್ವಾ ಲತೀನ’ದ ಮೊದಲ ಭಾಗ, ‘ಫಮಿಲಿಅ ರೋಮಾನ’. ಅದರಲ್ಲಿ ಇಂಗ್ಲಿಷ್ ಇಲ್ಲವೇ ಇಲ್ಲ. ಮೊದಲ ವಾಕ್ಯ ‘ರೋಮ ಇನ್ ಇತಲಿಆ ಎಸ್ತ್’, ರೋಮ್ ಇಟಲಿಯಲ್ಲಿ ಇದೆ. ಅಲ್ಲಿಂದ ಒಂದು ಕುಟುಂಬದ ಕಥೆಯಾಗಿ 35 ಅಧ್ಯಾಯ ಬೆಳೆಯುತ್ತದೆ. ಇಂಗ್ಲಿಷ್ ನಡುವೆ ಬಾರದೆ ಇರುವುದರಿಂದ ಕನ್ನಡದವರಿಗೆ ಇದು ಹೇಳಿ ಮಾಡಿಸಿದ್ದು. ವ್ಯಾಕರಣದ ವಿವರಣೆ ಬೇಕಾದಾಗ ತೆರೆಯಲು ವೀಲಾಕ್‌ನ ಪಠ್ಯಪುಸ್ತಕ ಪಕ್ಕದಲ್ಲಿರಲಿ. ಅದು 40 ಅಧ್ಯಾಯದ್ದು. ಹಣ ಖರ್ಚು ಮಾಡಲು ಆಗದವರಿಗೆ ಬೆಂಜಮಿನ್ ಡೂಜ್ ಬರೆದ ಹಳೆಯ ಆರಂಭಿಕ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಪದ ಹುಡುಕಲು ವಿಕ್ಷನರಿ ಸಾಕು. ದೀರ್ಘದ ಗೆರೆಗಳೂ ರೂಪಗಳ ಪೂರ್ತಿ ಕೋಷ್ಟಕವೂ ಅದರಲ್ಲಿವೆ. ಮುಂದೆ ಹೋದ ಮೇಲೆ ಶಿಕಾಗೊ ವಿಶ್ವವಿದ್ಯಾಲಯದ ಆನ್‌ಲೈನ್ ನಿಘಂಟು ಲೋಗಿಯಾನ್ ನೋಡಿ.

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನಾ ಬೇಕು. ಮೊದಲ 10 ನಿಮಿಷ ನಿನ್ನೆ ಓದಿದ್ದನ್ನೇ ಗಟ್ಟಿಯಾಗಿ ಮತ್ತೆ ಓದಿ. ಆಮೇಲೆ 15 ನಿಮಿಷ ಹೊಸದು. ಕೊನೆಯ 5 ನಿಮಿಷ ನಿಮ್ಮದೇ ಮೂರು ವಾಕ್ಯ ಲ್ಯಾಟಿನ್‌ನಲ್ಲಿ ಬರೆಯಿರಿ. ಅಮ್ಮ ಹೂವು ತಂದಳು, ನಾಯಿ ಬಾಗಿಲಲ್ಲಿ ಮಲಗಿದೆ, ಅಂಥವು. ಸುಮ್ನೆ ಓದುತ್ತಾ ಹೋದರೆ ಕಾಣದ ಸಂಶಯಗಳೆಲ್ಲ ಬರೆಯುವಾಗ ಎದ್ದು ಬರುತ್ತವೆ. ಒಂದು ಅಧ್ಯಾಯವನ್ನು ಮೂರು ಸಲ ಓದದೆ ಮುಂದಿನದಕ್ಕೆ ಹೋಗಬೇಡಿ. ಎರಡನೇ ಓದಿನಲ್ಲಿ ಪೆನ್ಸಿಲ್ ಗುರುತು ಅಳಿಸಿ, ಮೂರನೆಯದರಲ್ಲಿ ನಿಲ್ಲದೆ ಓದಿ. ಅರ್ಥವಾಗದ ವಾಕ್ಯವನ್ನು ಅನುವಾದದ ಯಂತ್ರಕ್ಕೆ ಹಾಕಬೇಡಿ. ಆ ವಾಕ್ಯವನ್ನು ಒಂದು ದಿನ ಹಾಗೇ ಬಿಡಿ, ಮರುದಿನ ಪ್ರತ್ಯಯಗಳಿಗಷ್ಟೇ ಗೆರೆ ಎಳೆದು ನೋಡಿ. ಬಹುತೇಕ ಬಿಡಿಸಿಕೊಳ್ಳುತ್ತದೆ.

ಈ ಲೆಕ್ಕದಲ್ಲಿ ಮೊದಲ ಹತ್ತು ಅಧ್ಯಾಯಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ. ಪೂರ್ತಿ ಪುಸ್ತಕಕ್ಕೆ ಒಂದು ವರ್ಷದ ಮೇಲೆ ಬೇಕು. ಅವಸರ ಬೇಡ.

ಅದಾದ ಮೇಲೆ ನಿಜವಾದ ಪುಸ್ತಕಗಳು. ಕಥೆ ಮೊದಲೇ ಗೊತ್ತಿರುವುದನ್ನು ಆರಿಸಿ. ಜೆರೋಮ್‌ನ ಲ್ಯಾಟಿನ್ ಬೈಬಲಿನ ಸುವಾರ್ತೆಗಳು ಸರಳ, ವಾಕ್ಯಗಳು ಚಿಕ್ಕವು. ಕಾಲ್ಪನಿಕ ಕಥೆ ಬೇಕಾದವರು ಫೇದ್ರುಸ್‌ನನ್ನು ಹಿಡಿಯಿರಿ. ಈಸೋಪನ ತೋಳ, ಕುರಿಮರಿ, ನರಿಗಳನ್ನು ಅವನು ಪದ್ಯದಲ್ಲಿ ಹೇಳಿದ್ದಾನೆ. ಇತಿಹಾಸಕ್ಕೆ ಯೂಟ್ರೋಪಿಯುಸ್. 4ನೇ ಶತಮಾನದಲ್ಲಿ ವೇಲೆನ್ಸ್ ಚಕ್ರವರ್ತಿಗಾಗಿ ರೋಮಿನ ಕಥೆಯನ್ನು 10 ಚಿಕ್ಕ ಭಾಗಗಳಲ್ಲಿ ಬರೆದ. ನನ್ನ ಮಟ್ಟಿಗೆ ಹೊಸಬರಿಗೆ ಸೀಸರನಿಗಿಂತ ಅವನು ಒಳ್ಳೆಯವನು. ಸೀಸರ್ ಆಮೇಲೆ ಬರಲಿ.

ವರ್ಜಿಲ್‌ಗೆ ಎರಡನೇ ವರ್ಷದ ಕೊನೆ ತನಕ ಕಾಯಿರಿ. ಆದರೆ ಅವನ ಮಹಾಕಾವ್ಯ ‘ಐನೀಡ್’ನ ಮೊದಲ ಸಾಲಿಗೆ ಪ್ರಸ್ತಾರ ಹಾಕಲು ಕಾಯಬೇಕಿಲ್ಲ. ಇವತ್ತೇ ಹಾಕಬಹುದು. ಸಾಲಿಗೆ ಆರು ಗಣ. ಗಣ ಅಂದರೆ ಒಂದು ಗುರು ಎರಡು ಲಘು, ಇಲ್ಲವೇ ಎರಡು ಗುರು. ಸಾಲು ಪೂರ್ತಿ ಹೀಗಿದೆ: ‘ಅರ್ಮ ವಿರುಂಕ್ವೆ ಕನೋ ತ್ರೋಯೈ ಕ್ವೀ ಪ್ರೀಮುಸ್ ಅಬ್ ಓರೀಸ್’. ಅರ್-ಮ-ವಿ: ಗುರು, ಲಘು, ಲಘು. ರುಂ-ಕ್ವೆ-ಕ: ಗುರು, ಲಘು, ಲಘು. ನಮ್ಮ ಭಗಣ, ಎರಡು ಸಲ. ಮುಂದಿನ ಗಣ ‘ನೋ’ ಅನ್ನುವ ಗುರುವಿನಿಂದ ಶುರು. ಪೆನ್ಸಿಲ್ ತೆಗೆದುಕೊಂಡು ಉಳಿದ ನಾಲ್ಕು ಗಣಕ್ಕೆ ನೀವೇ ಗುರುತು ಹಾಕಿ.